ಹಿರಿಯರು, ಪೆದ್ದಲು, ಅವ್ವ: ಆದವಾನಿ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಅಗಲಿದವರ ನೆನಪು

ಕನ್ನಡದಲ್ಲಿ ‘ಹಿರಿಯರು’ ಎಂಬ ಪದಕ್ಕೆ ಮೂರು ಹೊರೆಗಳಿವೆ. ವಯಸ್ಸಾದವರು ಹಿರಿಯರು, ಊರಿನ ಅಥವಾ ಕುಲದ ನ್ಯಾಯ ಹೇಳುವವರು ಹಿರಿಯರು, ತೀರಿಹೋಗಿ ವರ್ಷಕ್ಕೊಮ್ಮೆ ಎಡೆ ಉಣ್ಣಲು ಬರುವವರೂ ಹಿರಿಯರೇ. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ‘ಹಿರಿಯರ ಹಬ್ಬ’ ಎಂದರೆ ಯಾವ ಹಿರಿಯರು ಎಂದು ಯಾರೂ ಕೇಳುವುದಿಲ್ಲ. ತೆಲುಗಿನ ‘ಪೆದ್ದಲು’ ಪದವೂ ಇದೇ ಮೂರು ಹೊರೆಗಳನ್ನು ಹೊತ್ತಿದೆ. ಅಲ್ಲಿಯೂ ‘ಪೆದ್ದಲ ಪಂಡುಗ’ ಸತ್ತವರ ಹಬ್ಬವೇ. ಹೊಸ ಒಡಂಬಡಿಕೆಯನ್ನು ಈ ಎರಡು ಭಾಷೆಗಳಿಗೆ ತಂದವರು ಗ್ರೀಕಿನ ‘ಪ್ರೆಸ್ಬಿತೆರೊಸ್’ ಎಂಬ ಪದಕ್ಕೆ ಸಾಟಿ ಹುಡುಕಿದಾಗ ಕೈಗೆ ಸಿಕ್ಕಿದ್ದು ಇವೇ ಪದಗಳು. ಗ್ರೀಕ್ ಪದವೂ ಒಂಟಿ ಅರ್ಥದ್ದಲ್ಲ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದ ಆರಂಭದಲ್ಲಿ ಅದು ಮುದುಕನನ್ನು ಸೂಚಿಸುತ್ತದೆ; ಅದೇ ಅಧ್ಯಾಯ ಮುಂದುವರಿದಂತೆ ಸಭೆಯನ್ನು ನಡೆಸುವ ಪದವಿಯನ್ನು ಸೂಚಿಸುತ್ತದೆ. ಆದರೆ ಸತ್ತವರು ಆ ಗ್ರೀಕ್ ಪದದೊಳಗೆ ಇರಲಿಲ್ಲ. ಕನ್ನಡಕ್ಕೆ ಬಂದ ಮೇಲೆ ಅವರು ಕರೆಯದೆಯೇ ಒಳಗೆ ಬಂದು ಕೂತರು.

ಅನುವಾದದ ಈ ಸಣ್ಣ ಸಂಗತಿಯನ್ನು ಹಿಡಿದು ಹೊರಟರೆ ಆದವಾನಿ ಮತ್ತು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಕ್ರೈಸ್ತ ಸಭೆಗಳ ಚರಿತ್ರೆಯ ಒಂದು ಮುಖ್ಯ ಪ್ರಶ್ನೆಗೆ ತಲುಪಬಹುದು. ಹಿರಿಯರಿಗೆ ಎಡೆಯಿಡುವುದನ್ನು ಬಿಟ್ಟು ಬಂದ ಸಮುದಾಯವೊಂದು ತನ್ನ ನಡುವಿನಿಂದ ಹೋದ ಒಳ್ಳೆಯ ಮುದುಕ ಮುದುಕಿಯರನ್ನು ಯಾವ ರೀತಿಯಲ್ಲಿ ನೆನೆಯಬೇಕು, ಮತ್ತು ಯಾವ ಭಾಷೆಯಲ್ಲಿ?

ಸೀಮೆಯ ರಾಜಕೀಯ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ವಿಜಯನಗರದ ನಂತರ ಬಿಜಾಪುರದ ಕೈಗೆ, ಅಲ್ಲಿಂದ ಮೊಗಲರ ಮತ್ತು ನಿಜಾಮರ ಕೈಗೆ ಹೋದ ಆದವಾನಿ, 1800ರಲ್ಲಿ ದತ್ತ ಜಿಲ್ಲೆಗಳ ಭಾಗವಾಗಿ ಕಂಪನಿಗೆ ಬಂತು. ಮುಂದೆ ಒಂದೂವರೆ ಶತಮಾನದ ಹತ್ತಿರಹತ್ತಿರ ಅದು ಬಳ್ಳಾರಿ ಕಡೆಗೆ ಮುಖ ಮಾಡಿಕೊಂಡೇ ಇತ್ತು. ಹೊಳಗುಂದ, ಹಾಲಹರವಿ, ಆಲೂರು ಎಂಬ ಊರಹೆಸರುಗಳೇ ಆ ಮುಖ ಯಾವ ಭಾಷೆಯದೆಂದು ಹೇಳುತ್ತವೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ಕೈಹಾಕಿದ. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಅದೇ ಸೊಸೈಟಿ 1822ರಿಂದ ಕಡಪದಲ್ಲಿ ತೆಲುಗಿನಲ್ಲಿ ಕೆಲಸ ನಡೆಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟರು ಕರ್ನೂಲಿನಲ್ಲಿ ನೆಲೆಯಾದರು. ಅವರ ಭಾಷೆಯೂ ತೆಲುಗು. ಹೀಗೆ ಕ್ರೈಸ್ತ ಮಾತು ಈ ಸೀಮೆಗೆ ಪಶ್ಚಿಮದಿಂದ ಕನ್ನಡವಾಗಿಯೂ ಪೂರ್ವ ಮತ್ತು ದಕ್ಷಿಣದಿಂದ ತೆಲುಗಾಗಿಯೂ ಬಂತು. ಒಂದು ಹೊಳೆಯ ‘ಸಭೆಯ ಹಿರಿಯ’ ಇನ್ನೊಂದು ಹೊಳೆಯಲ್ಲಿ ‘ಸಂಘ ಪೆದ್ದ’ನಾದ.

ಸತ್ತವರನ್ನು ನೆನೆಯುವ ಬಗೆಗಳಿಗೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ದತ್ತ ಜಿಲ್ಲೆಗಳ ಮೊದಲ ಪ್ರಧಾನ ಕಲೆಕ್ಟರನಾಗಿದ್ದವನು ನಿವೃತ್ತಿಯ ಹೊಸ್ತಿಲಲ್ಲಿ ತನ್ನ ಹಳೆಯ ಸೀಮೆಯನ್ನು ಇನ್ನೊಮ್ಮೆ ನೋಡಲು ಬಂದಿದ್ದ. ಅವನ ದೇಹವನ್ನು ಗುತ್ತಿಯಲ್ಲಿ ಹೂಳಲಾಯಿತು. ಕೆಲವು ವರ್ಷಗಳ ಮೇಲೆ ಅದನ್ನು ಮದರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಸಾಗಿಸಲಾಯಿತು. ಪತ್ತಿಕೊಂಡದಲ್ಲಿ ಅವನ ಹೆಸರಿನಲ್ಲಿ ಬಾವಿ ಮತ್ತು ತೋಪು, ಗುತ್ತಿಯಲ್ಲಿ ಛತ್ರ, ಮದರಾಸಿನಲ್ಲಿ ಕುದುರೆಯ ಮೇಲೆ ಕೂತ ಕಂಚಿನ ವಿಗ್ರಹ. ಜನ ತಮ್ಮ ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಟ್ಟರೆಂಬ ಮಾತೂ ಇದೆ. ಒಬ್ಬ ಆಡಳಿತಗಾರನ ನೆನಪಿಗೆ ಇಷ್ಟೊಂದು ಕಲ್ಲು, ಕಂಚು, ನೀರು, ನೆರಳು ಒದಗಿದ ಸೀಮೆಯಲ್ಲಿ, ಅದೇ ಧರ್ಮದ ಬಡ ಸಭೆಗಳ ಹಿರಿಯರಿಗೆ ದೊರೆತದ್ದು ಬಹುಮಟ್ಟಿಗೆ ಒಂದು ಮಣ್ಣಿನ ದಿಬ್ಬ ಮತ್ತು ಸುಣ್ಣ ಬಳಿದ ಶಿಲುಬೆ.

ಮಿಷನ್ನಿನ ದಾಖಲೆಗಳು ಈ ಅಂತರವನ್ನು ಹೆಚ್ಚೇನೂ ತುಂಬಲಿಲ್ಲ. ಬೆಂಗಳೂರಿನಲ್ಲಿ ಐವತ್ತು ವರ್ಷ ದುಡಿದು 1887ರಲ್ಲಿ ತೀರಿಹೋದ ಬೆಂಜಮಿನ್ ರೈಸ್‌ಗೆ ಅವನ ಮಗ ಎಡ್ವರ್ಡ್ ಬರೆದ ಜೀವನಚರಿತ್ರೆಯಿದೆ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಈತನೇ. ದೇಶೀಯರ ಪೈಕಿ ಸ್ಯಾಮ್ಯುಯೆಲ್ ಫ್ಲೇವೆಲ್‌ನಂಥವರು ಅಪವಾದ. ತಮಿಳು ಮನೆಯಲ್ಲಿ ಹುಟ್ಟಿ, ಇಂಗ್ಲೆಂಡಿನ ಒಬ್ಬ ಪ್ಯೂರಿಟನ್ ಲೇಖಕನ ಹೆಸರನ್ನು ತನ್ನದಾಗಿಸಿಕೊಂಡು, ಮೈಸೂರು ಬೆಂಗಳೂರುಗಳಲ್ಲಿ ಸಭೆ ಕೂಡಿಸಿ, ಬದುಕಿನ ಕೊನೆಯ ಎರಡು ದಶಕಗಳನ್ನು ಬಳ್ಳಾರಿಯಲ್ಲಿ ಕಳೆದು 1847ರಲ್ಲಿ ಅಲ್ಲಿಯೇ ಮಣ್ಣಾದ ಈ ಬೋಧಕನನ್ನು ಮಿಷನರಿಗಳು ಹೆಸರು ಹಿಡಿದು ನೆನೆದರು. ಉಳಿದವರು ವಾರ್ಷಿಕ ವರದಿಗಳ ಕೋಷ್ಟಕಗಳಿಗೆ ಸರಿದರು: ಉಪದೇಶಿಗಳು ಇಷ್ಟು, ಶಾಲೆಯ ಮೇಷ್ಟರು ಇಷ್ಟು, ಬೈಬಲ್ ಸ್ತ್ರೀಯರು ಇಷ್ಟು. ಒಂದು ವರ್ಷದ ಸಂಖ್ಯೆ ಏಳಿದ್ದು ಮುಂದಿನ ವರ್ಷ ಆರಾದರೆ, ಆ ಕಳೆದುಹೋದ ಒಂದರ ಹಿಂದೆ ಒಂದು ಊರಿನ ಅಳು ಇರುತ್ತದೆ. ಕೋಷ್ಟಕಕ್ಕೆ ಅದನ್ನು ಕೇಳಿಸಿಕೊಳ್ಳುವ ಕಿವಿಯಿಲ್ಲ. ಕರಾವಳಿಯ ಮತ್ತು ಧಾರವಾಡದ ಬಾಸೆಲ್ ಮಿಷನ್ನಿನ ಸ್ಥಿತಿ ಇದಕ್ಕಿಂತ ಕೊಂಚ ಬೇರೆ. ವುರ್ಟೆಂಬರ್ಗಿನ ಭಕ್ತಿಪಂಥದವರು ಶವಸಂಸ್ಕಾರದ ಹೊತ್ತಿಗೆ ಸತ್ತವರ ಬಾಳಿನ ಕಥನವನ್ನು ಓದುವ ಪದ್ಧತಿಯನ್ನು ಮನೆಯಿಂದಲೇ ತಂದಿದ್ದರು. ಸಾಮಾನ್ಯನ ಬದುಕೂ ಒಂದು ಬರಹಕ್ಕೆ ಯೋಗ್ಯ ಎಂಬ ನಂಬಿಕೆ ಅದರಲ್ಲಿತ್ತು. ಬಯಲುಸೀಮೆಯ ಬಡ ಸಭೆಗಳಲ್ಲಿ ಇಂಥ ಬರಹಕ್ಕಿಂತ ಬಾಯಿಮಾತೇ ಮುಂದಾಯಿತು.

ಬಾಯಿಮಾತಿಗೂ ಒಂದು ಕಟ್ಟುಪಾಡಿತ್ತು. ಲಂಡನ್ ಮಿಷನ್ನಿನವರೂ ಬ್ಯಾಪ್ಟಿಸ್ಟರೂ ಪ್ರೊಟೆಸ್ಟಂಟರು. ಸತ್ತವರಿಗಾಗಿ ಪ್ರಾರ್ಥಿಸುವುದನ್ನಾಗಲಿ ಸತ್ತವರನ್ನು ಕರೆದು ಮಾತಾಡುವುದನ್ನಾಗಲಿ ಅವರ ದೇವಶಾಸ್ತ್ರ ಒಪ್ಪದು. ಎಡೆಯ ಮುಂದೆ ಕೂತ ಮಗ ತಂದೆಯನ್ನು ‘ಬಾ, ಉಣ್ಣು’ ಎಂದು ಕರೆಯಬಲ್ಲ. ಸ್ಮರಣೆಯ ಕೂಟದಲ್ಲಿ ಎದ್ದು ನಿಂತ ಮಗ ಹಾಗೆ ಕರೆಯಲಾರ. ಅವನು ದೇವರನ್ನು ‘ನೀನು’ ಎಂದು ಕರೆದು, ತಂದೆಯನ್ನು ‘ಅವರು’ ಎಂದು ಹೇಳಬೇಕು: ಇಂಥವರನ್ನು ನಮಗೆ ಕೊಟ್ಟಿದ್ದೆ, ಅವರು ಹೀಗೆ ಬಾಳಿದರು, ನಿನಗೆ ಸ್ತೋತ್ರ. ಮತಾಂತರದ ಬಗ್ಗೆ ಜಾತಿ, ಕ್ಷಾಮ, ಶಿಕ್ಷಣದ ನೆಲೆಯಿಂದ ಬಹಳಷ್ಟು ಬರೆಯಲಾಗಿದೆ. ವ್ಯಾಕರಣದ ಈ ಪಲ್ಲಟದ ಕಡೆಗೆ ಗಮನ ಹರಿದದ್ದು ಕಡಿಮೆ. ಸತ್ತ ಹಿರಿಯರು ಮಧ್ಯಮ ಪುರುಷದಿಂದ ಪ್ರಥಮ ಪುರುಷಕ್ಕೆ ಸರಿದರು. ಎದುರಿಗೆ ಕೂತವರು ದೂರದವರಾದರು. ಒಂದು ಸಮುದಾಯದ ದುಃಖಕ್ಕೆ ಇದು ಚಿಕ್ಕ ಬದಲಾವಣೆಯಲ್ಲ.

ಈ ಬದಲಾವಣೆಯ ತೂಕ ತಿಳಿಯಬೇಕಾದರೆ ನೆರೆಹೊರೆಯನ್ನು ನೋಡಬೇಕು. ಹಿಂದೆ ಆದವಾನಿ ತಾಲ್ಲೂಕಿಗೆ ಸೇರಿದ್ದ ಮಂಚಾಲೆಯಲ್ಲಿ, ಅಂದರೆ ಇಂದಿನ ಮಂತ್ರಾಲಯದಲ್ಲಿ, ರಾಘವೇಂದ್ರ ಸ್ವಾಮಿಗಳು 1671ರಲ್ಲಿ ವೃಂದಾವನಸ್ಥರಾದರು. ಹೊಳೆಯಾಚೆಯ ಬಿಚ್ಚಾಲೆಯ ಅಪ್ಪಣ್ಣಾಚಾರ್ಯರು ಸುದ್ದಿ ತಿಳಿದು, ಸ್ತೋತ್ರ ಹೇಳುತ್ತ ತುಂಗಭದ್ರೆಯನ್ನು ದಾಟಿ ಓಡಿಬಂದಾಗ ಕೊನೆಯ ಶಿಲೆಯನ್ನು ಮುಚ್ಚಿಯಾಗಿತ್ತು, ದುಃಖದಿಂದ ಗಂಟಲು ಕಟ್ಟಿ ಸ್ತೋತ್ರ ನಿಂತಾಗ ಅದರ ಉಳಿದ ತುಂಡು ವೃಂದಾವನದ ಒಳಗಿನಿಂದ ಕೇಳಿಬಂತು ಎಂಬುದು ಐತಿಹ್ಯ. ಅಗಲಿದ ಹಿರಿಯರು ಮಾತಿಗೆ ಮಾತು ಕೊಡುತ್ತಾರೆ ಎಂಬ ಭರವಸೆ ಈ ಕಥೆಯ ಜೀವ. ಅದೇ ಸನ್ನಿಧಿಯಲ್ಲಿ ಗುರುಗಳು ಮನ್ರೋ ಒಬ್ಬನಿಗೇ ಕಾಣಿಸಿಕೊಂಡು ಮಾತಾಡಿದರೆಂಬ ಇನ್ನೊಂದು ಐತಿಹ್ಯವೂ ಇದೆ. ಗ್ಲಾಸ್ಗೋದಲ್ಲಿ ಹುಟ್ಟಿದ ಪ್ರೊಟೆಸ್ಟಂಟನಿಗೂ ಸತ್ತ ಹಿರಿಯರೊಡನೆ ಸಂಭಾಷಣೆಯನ್ನು ದಯಪಾಲಿಸದೆ ಬಿಡದಷ್ಟು ಉದಾರವಾದ ಸೀಮೆ ಇದು! ಮೊಹರಮ್ಮಿನ ದಿನಗಳಲ್ಲಿ ಪೀರುಗಳ ಮುಂದೆ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಆ ಹಾಡುಗಳಲ್ಲಿ ಕರ್ಬಲಾದಲ್ಲಿ ಮಡಿದವರನ್ನು ನಿನ್ನೆ ಮೊನ್ನೆ ಹೋದ ಮನೆಯವರಂತೆ ಕರೆದು ಅಳಲಾಗುತ್ತದೆ. ಸತ್ತವರನ್ನು ಕರೆಯುವುದೇ ರೂಢಿಯಾದ ಸುತ್ತುಪರಿಸರದಲ್ಲಿ ಕರೆಯದೆ ಇರುವುದನ್ನು ಕ್ರೈಸ್ತ ಸಭೆ ಶ್ರಮಪಟ್ಟು ಕಲಿಯಬೇಕಾಯಿತು.

ಕಲಿತದ್ದು ಪೂರ್ತಿಯಾಗಿಯೇನಲ್ಲ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವ ಹಳ್ಳಿಯ ಪದ್ಧತಿಯೊಳಗೆ ಕೀರ್ತನೆಗಳು ಬಂದು ಸೇರಿದವು. ಪುರುಷೋತ್ತಮ ಚೌಧರಿ (1803–1890) ಮುಂತಾದವರು ಕರ್ನಾಟಕ ಸಂಗೀತದ ರಾಗತಾಳಗಳಿಗೆ ಹೊಂದಿಸಿ ರಚಿಸಿದ ತೆಲುಗು ಕ್ರೈಸ್ತ ಕೀರ್ತನೆಗಳಿಗೆ ಇಂಥ ರಾತ್ರಿಗಳಲ್ಲಿ ಒಗ್ಗುವ ಗುಣವಿತ್ತು; ಜರ್ಮನ್ ಧಾಟಿಯನ್ನು ಹೊತ್ತುಬಂದ ಕರಾವಳಿಯ ಕನ್ನಡ ಗೀತೆಗಳಿಗೆ ಅಷ್ಟಿರಲಿಲ್ಲ. ದುಃಖದ ಹೊತ್ತಿನಲ್ಲಿ ಬಾಯಿಗೆ ಬರುವ ಹಾಡು ಯಾವ ಭಾಷೆಯದೋ ಸಭೆ ಕ್ರಮೇಣ ಆ ಭಾಷೆಯದಾಗುತ್ತದೆ. ಗಡಿ ಸಭೆಗಳು ತೆಲುಗಿನ ಕಡೆಗೆ ವಾಲಿದ್ದರಲ್ಲಿ ಸರಕಾರದ ಪಾಲು ಎಷ್ಟೋ ತಾಳ ಮತ್ತು ರಾಗಗಳ ಪಾಲೂ ಅಷ್ಟೇ ಇರಬೇಕು.

ಇನ್ನು ಸಮಾಧಿಗಳು. ಕಥೋಲಿಕರಿಗೆ ನವೆಂಬರ್ 2ರ ಸಕಲ ಆತ್ಮಗಳ ದಿನವಿದೆ. ಅವರ ಧರ್ಮವೇ ಸತ್ತವರಿಗಾಗಿ ಪ್ರಾರ್ಥಿಸಲು ಹೇಳುತ್ತದೆ. ಪ್ರೊಟೆಸ್ಟಂಟರಿಗೆ ಅಂಥ ದಿನವಿಲ್ಲ. ಆದರೆ ತೆಲುಗು ನಾಡಿನ ಸಭೆಗಳಲ್ಲಿ ‘ಸಮಾಧುಲ ಪಂಡುಗ’ ಬೆಳೆಯಿತು. ಈಸ್ಟರಿನ ನಸುಕಿನಲ್ಲಿ, ಕೆಲವೆಡೆ ನವೆಂಬರಿನಲ್ಲಿಯೂ, ಗೋರಿಗಳನ್ನು ತೊಳೆದು ಸುಣ್ಣ ಬಳಿದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಪ್ರಾರ್ಥನೆಯನ್ನು ಪುನರುತ್ಥಾನದ ಕ್ರಿಸ್ತನಿಗೇ ಸಲ್ಲಿಸುತ್ತಾರೆ. ಆದರೂ ಗೋರಿಯ ತಲೆಯ ಕಡೆ ಕೂತು ಅಂಗೈಯಿಂದ ಕಲ್ಲನ್ನು ಒರೆಸುವ ಮುದುಕಿಯ ಬಾಯಲ್ಲಿ ಬರುವ ಮಾತು ಯಾವ ಪುರುಷದಲ್ಲಿರುತ್ತದೆ ಎಂದು ಯಾವ ಸಭಾಪಾಲಕರೂ ಪರೀಕ್ಷಿಸುವುದಿಲ್ಲ. ಇದನ್ನು ಹಳೆಯ ಪಿತೃಪೂಜೆಯ ಪಳೆಯುಳಿಕೆ ಎಂದು ಬದಿಗೆ ಸರಿಸುವುದು ಅವಸರದ ತೀರ್ಮಾನ. ಇಲ್ಲಿ ಎಡೆಯಿಲ್ಲ, ಬೇಡಿಕೆಯಿಲ್ಲ, ಹಿರಿಯರು ಮುನಿದರೆ ಕೇಡಾದೀತೆಂಬ ಭಯವಿಲ್ಲ. ಭಯವನ್ನು ಕಳೆದು ಹಂಬಲವನ್ನು ಮಾತ್ರ ಉಳಿಸಿಕೊಂಡ ಪದ್ಧತಿ ಇದು. ಎಡೆಯ ಹಿರಿಯರಲ್ಲಿ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ. ಅಜ್ಜ ಕಟುಕನಾಗಿದ್ದರೂ ಅವನ ಪಾಲು ಅವನಿಗೆ ಸಲ್ಲಲೇಬೇಕು. ಸಭೆಯ ನೆನಪು ಮಾತ್ರ ದಯೆಯನ್ನು ನೋಡಿ ಆರಿಸಿಕೊಳ್ಳುತ್ತದೆ.

ಈ ಆಯ್ಕೆಗೆ ಮಾದರಿ ಬೈಬಲಿನಲ್ಲಿಯೇ ಇತ್ತು. ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಎಂಬ ಊರಿನ ದೊರ್ಕ ತೀರಿಹೋಗುತ್ತಾಳೆ. ಪೇತ್ರ ಮೇಲಂತಸ್ತಿನ ಕೋಣೆಗೆ ಬಂದಾಗ ವಿಧವೆಯರು ಅಳುತ್ತ ನಿಂತು, ಅವಳು ತಮ್ಮ ನಡುವೆ ಇದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ಅವನಿಗೆ ತೋರಿಸುತ್ತಾರೆ. ಅವಳ ಗುಣಗಾನ ಮಾಡುವ ಭಾಷಣ ಅಲ್ಲಿಲ್ಲ, ಬಟ್ಟೆಗಳೇ ಮಾತಾಡುತ್ತವೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆದವಾನಿಯಲ್ಲಿ, ಮಾಚಾನಿ ಸೋಮಪ್ಪನವರು 1938ರಲ್ಲಿ ಸ್ಥಾಪಿಸಿದ ನೇಕಾರರ ಸಹಕಾರ ಸಂಘದಿಂದ ಪ್ರಸಿದ್ಧವಾದ ಎಮ್ಮಿಗನೂರಿನಲ್ಲಿ, ಈ ಪ್ರಸಂಗಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ. ನೂಲು, ನೇಯ್ಗೆ, ಹೊಲಿಗೆಗಳ ಬೆಲೆ ತಿಳಿದ ಕೇಳುಗರಿಗೆ ವಿಧವೆಯರು ತೋರಿಸುತ್ತಿರುವುದು ಏನೆಂದು ಗೊತ್ತು. 1876–78ರ ಮಹಾಕ್ಷಾಮ ಬಳ್ಳಾರಿ ಕರ್ನೂಲು ಜಿಲ್ಲೆಗಳನ್ನು ಬರಿದು ಮಾಡಿದ ಮೇಲೆ ತೆಲುಗು ನಾಡಿನಲ್ಲಿ ಸಭೆಗಳು ಬೆಳೆದವು. ಒಂಗೋಲಿನ ಕಡೆ 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನವಾದದ್ದು ಪ್ರಸಿದ್ಧ ಸಂಗತಿ. ಹಾಗೆ ಬಂದವರಲ್ಲಿ ಬಹುಪಾಲು ಜನ ಮಾದಿಗ ಮತ್ತು ಮಾಲ ಕೇರಿಗಳವರು. ಗಂಜಿ ಕಾಣದ ದಿನಗಳನ್ನು ದಾಟಿಬಂದವರ ಕೇರಿಯಲ್ಲಿ ಹಂಚಿ ಉಣ್ಣುವ ಮುದುಕಿ, ಕಾಗದ ಓದಿ ಹೇಳುವ, ಅರ್ಜಿ ಬರೆದುಕೊಡುವ ಉಪದೇಶಿ ಹೋದಾಗ ಉಳಿಯುವ ತೆರವನ್ನು ಶಿಷ್ಟಾಚಾರದ ದುಃಖ ತುಂಬಲಾರದು.

ತೆರವಿಗೆ ಇನ್ನೊಂದು ಪದರವನ್ನು 1953 ಸೇರಿಸಿತು. ಆಂಧ್ರ ರಾಜ್ಯ ಅಕ್ಟೋಬರ್ 1ರಂದು ಹುಟ್ಟಿತು. ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಾದವು. 2022ರಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾದ ಮೇಲೆ ಆ ಅಂಚೇ ಜಿಲ್ಲೆಯ ದೊಡ್ಡ ಪಾಲಾಗಿದೆ ಎಂಬುದು ಚರಿತ್ರೆಯ ಒಂದು ವಿನೋದ. ಸಭೆಗಳ ಮಟ್ಟಿಗೆ ಗಡಿ ಇಷ್ಟು ನೇರವಾಗಿ ಹಾಯಲಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರಚನೆಯಾದಾಗ ಲಂಡನ್ ಮಿಷನ್ನಿನ ಸಭೆಗಳು ಅದರೊಳಗೆ ಸೇರಿದವು. ರಾಯಲಸೀಮೆ ಧರ್ಮಪ್ರಾಂತದ ಮೊದಲ ಬಿಷಪ್ ಆದವರು, ಮುಂದೆ ಇಡೀ ದಕ್ಷಿಣ ಭಾರತ ಸಭೆಯ ಮಾಡರೇಟರ್ ಆದವರು, ಹೊಸಪೇಟೆ ಸುಮಿತ್ರ. ತೆಲುಗು ಹೆಸರಿನ ಪ್ರಾಂತ, ಕನ್ನಡ ಊರನ್ನು ಹೆಸರಿನಲ್ಲಿ ಹೊತ್ತ ಹಿರಿಯ: ಎರಡು ಭಾಷೆಗಳು ಒಬ್ಬರೊಳಗೆ ಜಗಳವಿಲ್ಲದೆ ಇರಬಹುದಾಗಿದ್ದ ಕಾಲದ ಗುರುತು ಇದು.

ಆ ತಲೆಮಾರು ಹೋದ ಮೇಲೆ ಗಡಿ ಮನೆಗಳ ಒಳಕ್ಕೆ ಬಂತು. ಮೊಮ್ಮಕ್ಕಳು ತೆಲುಗು ಅಥವಾ ಇಂಗ್ಲಿಷಿನಲ್ಲಿ ಕಲಿತರೆ ಮನೆಯ ಕನ್ನಡ ಬೈಬಲನ್ನು ಓದಲು ಉಳಿದವರು ಮುದುಕರೇ. ಅವರು ಹೋದರೆಂದರೆ ಪುಸ್ತಕ ಉಳಿದು ಓದು ಹೋಯಿತು. ಗಡಿಯ ಈಚೆ ಧಾರವಾಡ ಸೀಮೆಯ ಬಾಸೆಲ್ ಮಿಷನ್ನಿನ ಉತ್ತಂಗಿ ಚನ್ನಪ್ಪನವರು (1881–1962) ಸಭೆಯ ಪಾಲಕರಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರು ತೀರಿಹೋದಾಗ ಅವರನ್ನು ಕಳೆದುಕೊಂಡದ್ದು ಒಂದು ಸಭೆ ಮಾತ್ರವಲ್ಲ, ಇಡೀ ಕನ್ನಡ ಸಾಹಿತ್ಯಲೋಕ. ಆದವಾನಿಯ ಕನ್ನಡ ಬಲ್ಲ ಸಭಾಹಿರಿಯರಿಗೆ ಆ ವಿಸ್ತಾರವಾದ ದುಃಖಿಗಳ ಬಳಗ ದೊರೆಯುವಂತಿರಲಿಲ್ಲ. ಕರ್ನಾಟಕದ ಸಾಹಿತ್ಯ ಪರಿಷತ್ತಿಗೆ ಅವರು ಹೊರನಾಡಿನವರು, ತೆಲುಗು ಸಭೆಗೆ ಹಳೆಯ ಭಾಷೆಯವರು, ಕನ್ನಡ ಅಲ್ಪಸಂಖ್ಯಾತರ ಹೋರಾಟಕ್ಕೆ ಕ್ರೈಸ್ತರು. ಭಾಷಾ ಅಲ್ಪಸಂಖ್ಯಾತರ ಕುರಿತ ಅಧ್ಯಯನಗಳು ಶಾಲೆಗಳ ಸಂಖ್ಯೆಯನ್ನೂ ಪಠ್ಯಪುಸ್ತಕಗಳ ಕೊರತೆಯನ್ನೂ ಚರ್ಚಿಸುವಷ್ಟು ಶ್ರದ್ಧೆಯಿಂದ ಸಾವಿನ ಮನೆಯ ಭಾಷೆಯನ್ನು ಚರ್ಚಿಸಿಲ್ಲ. ಶಾಲೆಯಲ್ಲಿ ಸೋತ ಭಾಷೆ ಅಡಿಗೆಮನೆಯಲ್ಲಿ ಬಹುಕಾಲ ಬದುಕಬಲ್ಲದು. ಗೋರಿಯ ಮುಂದೆಯೂ ಸೋತರೆ ಅದಕ್ಕೆ ಹಿಂದೆ ಸರಿಯಲು ಇನ್ನು ಜಾಗವಿಲ್ಲ.

ಬೆರಕೆಯಿಂದ ಬಂದ ಸಂಪತ್ತೂ ಉಂಟು. ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಅವ್ವ’ ಎಂದರೆ ತಾಯಿ. ರಾಯಲಸೀಮೆಯ ತೆಲುಗಿನಲ್ಲಿ ‘ಅವ್ವ’ ಎಂದರೆ ಅಜ್ಜಿ. ಎರಡು ಭಾಷೆಗಳು ಕೂಡುವ ಸಭೆಯಲ್ಲಿ ಮಕ್ಕಳೆಲ್ಲರೂ ‘ಅವ್ವ’ ಎಂದು ಕರೆಯುವ ಮುದುಕಿ ಒಂದು ಕಿವಿಗೆ ಎಲ್ಲರ ತಾಯಿ, ಇನ್ನೊಂದು ಕಿವಿಗೆ ಎಲ್ಲರ ಅಜ್ಜಿ. ‘ಅವ್ವ ಹೋದಳು’ ಎಂಬ ಒಂದೇ ಮಾತಿನಿಂದ ಎರಡು ತಲೆಮಾರಿನ ತಬ್ಬಲಿತನ ಕೇಳಿಸುತ್ತದೆ. ಸಾವನ್ನು ಹೇಳುವ ಕ್ರಿಯಾಪದದ ಮಟ್ಟಿಗೆ ಎರಡೂ ಭಾಷೆಗಳ ಸಭೆಗಳು ಪೌಲನ ಪತ್ರಗಳಿಂದ ಒಂದೇ ರೂಪಕವನ್ನು ಪಡೆದಿವೆ. ಕನ್ನಡದಲ್ಲಿ ಕರ್ತನಲ್ಲಿ ನಿದ್ರೆಹೋದವರು, ತೆಲುಗಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದವರು. ನೆರೆಮನೆಯ ಲಿಂಗಾಯತರು ಲಿಂಗೈಕ್ಯರಾಗುತ್ತಾರೆ, ವೈಷ್ಣವರು ವೈಕುಂಠವಾಸಿಗಳಾಗುತ್ತಾರೆ. ಇಬ್ಬರೂ ತಲುಪಬೇಕಾದಲ್ಲಿಗೆ ತಲುಪಿದವರು. ನಿದ್ರೆಹೋದವರು ಇನ್ನೂ ತಲುಪಿಲ್ಲ, ಇಲ್ಲಿಯೇ ಎಲ್ಲೋ ಮಲಗಿದ್ದಾರೆ. ಮಲಗಿದವರ ಹತ್ತಿರ ದನಿ ತಗ್ಗಿಸಿ ಮಾತಾಡುವುದಕ್ಕೆ ಯಾವ ದೇವಶಾಸ್ತ್ರ ಅಡ್ಡಬಂದೀತು?

ಹೆಸರಿಡುವ ಪದ್ಧತಿಯೂ ಇದೇ ಜಾಡಿನದು. ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ಕನ್ನಡ ತೆಲುಗು ಎರಡೂ ಕಡೆಯ ಹಳೆಯ ರೂಢಿ. ದೀಕ್ಷಾಸ್ನಾನದ ತೊಟ್ಟಿಯ ಬಳಿಯೂ ಅದು ನಿಲ್ಲಲಿಲ್ಲ. ಮಾರ್ತಮ್ಮ, ರೂತಮ್ಮ ಎಂಬ ಬೈಬಲಿನ ಹೆಸರುಗಳೇ ಕುಲದ ಹೆಸರುಗಳಂತೆ ಒಂದು ತಲೆಮಾರು ಬಿಟ್ಟು ಒಂದಕ್ಕೆ ಇಳಿದು ಬರತೊಡಗಿದವು. ಅತ್ತೆಯ ಹೆಸರನ್ನು ಬಾಯಿಬಿಟ್ಟು ಕರೆಯಲು ಸೊಸೆಗೆ ಸಂಕೋಚ. ಆದ್ದರಿಂದ ಆ ಹೆಸರು ಹೊತ್ತ ಕೂಸನ್ನು ಅವಳು ‘ಅವ್ವಾ’ ಎಂದೇ ಕರೆಯುತ್ತಾಳೆ, ಗದರಬೇಕಾದಾಗಲೂ ಮರ್ಯಾದೆಯ ಒಂದು ಎಳೆ ಉಳಿಸಿಕೊಳ್ಳುತ್ತಾಳೆ. ಭಾನುವಾರದ ಆರಾಧನೆಗೆ ಹೊತ್ತಾಯಿತೆಂದು ಅವಳು ಓಣಿಯ ತುದಿಗೆ ನಿಂತು ‘ಬಾರವ್ವಾ, ಉಂಡು ಹೋಗು’ ಎಂದು ಕೂಗುತ್ತಾಳೆ. ಆಟ ಬಿಟ್ಟು ಓಡಿಬರುವುದು ಆರು ವರ್ಷದ ಹುಡುಗಿ.